ಐದನೆಯ ಬಟ್ಟಲು

ಸುರ್ರೆಂದು ಎಳೆದುಕೊಂಡೆ, ಚಮಚದ ಕಾಫಿ ತುಂತುರಾಗಿ ನಾಲಗೆಯ ಹಿಂಬದಿಯವರೆಗೂ ಹರಡಿತು, ಉಸಿರನ್ನು ಮೂಗಿನಿಂದ ಬಿಟ್ಟೆ, ಉಗಿದೆ, ಮೂರನೆಯ ಬಟ್ಟಲೂ ಸರಿಯಾಗಿದೆ, ಮೊದಲು ಕಿತ್ತಳೆ ಸಿಪ್ಪೆಯ ಹುಳಿ, ಅದರ ಬೆನ್ನಿಗೇ ಬೆಲ್ಲ, ಅಂಗಡಿಯ ಹಳದಿ ಬೆಲ್ಲವಲ್ಲ, ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತಿನ ಕಂದು ವಾಸನೆ, ಬಾಳೂರಿನ ಎತ್ತರದ ಕಾಫಿಯೇ ಇದು, ಚೀಟಿ ನೋಡದೆ ಹೇಳಬಲ್ಲೆ, ಏಪ್ರನ್ನಿನ ಜೇಬಿನಲ್ಲಿ ಫೋನು ತೊಡೆಗೆ ಗುರ್ ಎನ್ನುತ್ತದೆ, ಈಗಲ್ಲ ಕವನಾ, ಬಾಯಿ ತುಂಬ ಬಾಳೂರಿದೆ, ಒಂದು ನಿಮಿಷ — ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಇವತ್ತು ಮಧ್ಯಾಹ್ನ ಒಂದರೊಳಗೆ ಟ್ಯಾಕ್ಸ್ ಕಟ್ಟಿಬಿಡಿ ಅಕ್ಕ ಅಂದಿದ್ದಾಳೆ, ಗೋಡೆಯ ಗಡಿಯಾರ ನೋಡಬಾರದು ಅಂದುಕೊಂಡೇ ನೋಡಿದೆ, ಹನ್ನೊಂದೂವರೆ ದಾಟಿದೆ, ಮಾರ್ಚ್ ತಿಂಗಳ ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಮೇಲಿನ ಐದು ಬಟ್ಟಲುಗಳವರೆಗೂ ಬಂದಿದೆ, ಕೊನೆಯ ಬಟ್ಟಲಿನ ಮೇಲೆ ಕಿಟಕಿಯೇ ಬಿದ್ದಿದೆ, ಅದರ ಸರಳುಗಳು, ಸರಳಿನಾಚೆಯ ಗಿರಿಸಾಲು, ಎಲ್ಲ ಸೇರಿ ಅಂಗೈಯಗಲದ ಕಂದು ನೀರಿನಲ್ಲಿ ಅಲ್ಲಾಡದೆ ಕೂತಿದೆ. ಐದೂ ಒಂದೇ ತೋಟದ ಒಂದೇ ರಾಶಿಯ ಕಾಫಿ, ಆದರೂ ಐದು, ಪ್ರತಿಯೊಂದಕ್ಕೂ ಬೀಜವನ್ನು ಬೇರೆ ಬೇರೆಯಾಗಿ ಪುಡಿ ಮಾಡಿ ಹಾಕಬೇಕು, ಒಂದೇ ಸಲ ಪುಡಿ ಮಾಡಿ ಹಂಚಿದ್ರೆ ಆಗಲ್ವಾ ಮೇಡಂ ಎಂದು ರಕ್ಷಾ ಇಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೇಳಿದ್ದಳು, ಕೊಳೆತ ಬೀಜ ಒಂದೇ ಇದ್ರೆ ಒಂದೇ ಬಟ್ಟಲಲ್ಲಿ ಅಡಗಿರುತ್ತೆ ಪುಟ್ಟಾ, ಒಂದನ್ನ ರುಚಿ ನೋಡಿ ಇಡೀ ರಾಶಿ ಚೆನ್ನಾಗಿದೆ ಅನ್ನೋಕಾಗಲ್ಲ, ಐದೂ ನೋಡಬೇಕು, ಅಂತ ನಾನೇ ಹೇಳಿಕೊಟ್ಟದ್ದು, ನಾನೇ.

ಹೊರಗಿನ ಬೆಂಚಿನ ಮೇಲೆ ಓಂಕಾರಪ್ಪನವರು ಕೂತಿದ್ದಾರೆ, ಇದು ಅವರದೇ ಕಾಫಿ, ಬೆಳಗ್ಗೆಯೇ ಬಾಳೂರಿನಿಂದ ಜೀಪಿನಲ್ಲಿ ಇಳಿದು ಬಂದು ಕಾಫಿ ಸಿಪ್ಪೆ ತೆಗೆದು ಹದ ಮಾಡುವ ಈ ಕ್ಯೂರಿಂಗ್ ವರ್ಕ್ಸಿನ ಗೇಟು ತೆಗೆಯುವ ಮೊದಲೇ ನಿಂತಿದ್ದರಂತೆ, ಚೆನ್ನಾಗಿದೆ ಎಂದು ನಾನು ಬರೆದುಕೊಟ್ಟರೆ ಹೊರದೇಶದ ಖರೀದಿದಾರ ಪೇಟೆ ದರದ ಮೇಲೆ ಇನ್ನಷ್ಟು ಕೊಡುತ್ತಾನೆ, ಇಲ್ಲದಿದ್ದರೆ ಎಲ್ಲರ ಚೀಲದ ಜೊತೆ ಇವರದೂ ಒಂದು ಚೀಲ. ಬಾಗಿಲ ಗಾಜಿನಲ್ಲಿ ಅವರ ಬಿಳಿ ಟೊಪ್ಪಿ ಕಾಣುತ್ತದೆ, ಆಗಾಗ ಎದ್ದು ಆಕಾಶ ನೋಡಿ ಬರುತ್ತಾರೆ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಇನ್ನೂ ಬಂದಿಲ್ಲ, ಈಗ ಎಲ್ಲರೂ ಆಕಾಶ ನೋಡುವವರೇ, ನಾನೊಬ್ಬಳು ಫೋನು ನೋಡುತ್ತೇನೆ. ಎದ್ದ ಕೂಡಲೇ ನೋಡುತ್ತೇನೆ, ಏಳಕ್ಕೆ ಸರಿಯಾಗಿ ಕರೆ ಬರುತ್ತದೆ, ಅಕ್ಕ ತಿಂಡಿ ಆಯ್ತಾ, ಕವನಾಳ ದನಿಯಲ್ಲಿ ಆ ಆಯ್ತಾ ಒಂದಿಷ್ಟು ಉದ್ದವಾಗಿರುತ್ತದೆ, ಉತ್ತರಕ್ಕೆ ನಿಜವಾಗಿಯೂ ಕಾಯುವವಳ ಹಾಗೆ, ಆಯ್ತು ಅಂದರೆ ಏನು ತಿಂಡಿ ಎಂದು ಕೇಳುತ್ತಾಳೆ, ಅಕ್ಕಿ ರೊಟ್ಟಿ ಅಂದರೆ ಏನು ಹಚ್ಕೊಂಡ್ರಿ ಎಂದು ಕೇಳುತ್ತಾಳೆ, ಏನೂ ಇಲ್ಲಮ್ಮ ಬರೀ ರೊಟ್ಟಿ ಅಂದ ದಿನ ಅಯ್ಯೋ ಅಕ್ಕಾ ಎಂದು ನಕ್ಕಿದ್ದಳು. ನಾಲಗೆ ನನ್ನ ಕೆಲಸದ್ದು, ಕಾಫಿಯ ರುಚಿ ನೋಡುವವಳಿಗೆ ಬೆಳ್ಳುಳ್ಳಿ ಇಲ್ಲ, ಉಪ್ಪಿನಕಾಯಿ ಇಲ್ಲ, ಹಸಿಮೆಣಸಿನ ಚಟ್ನಿ ಇಲ್ಲ, ಮಲ್ಲಿಗೆ ಮುಡಿಯುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಊಟಕ್ಕೆ ಕರೆದವರ ಮನೆಯಲ್ಲಿ ಇದು ಬೇಡ ಅದು ಬೇಡ ಅಂದು ಅಂದು ಕರೆಯುವವರೇ ಕಡಿಮೆಯಾದರು, ದೀಪಶ್ರೀಗೆ ಏನು ಮಾಡಿ ಹಾಕೋದು ಮಾರಾಯ್ತಿ, ಮೊಸರನ್ನ ಒಂದೇ, ಎಂದು ಅತ್ತಿಗೆ ಅಡುಗೆಮನೆಯಲ್ಲಿ ಯಾರಿಗೋ ಹೇಳಿದ್ದು ಹಜಾರಕ್ಕೇ ಕೇಳಿಸಿತ್ತು, ಬೈಗುಳವೇನಲ್ಲ, ನಿಜವೇ, ಆದರೂ ಆ ಸಲ ಮೊಸರನ್ನವನ್ನೂ ಪೂರ್ತಿ ತಿಂದಿರಲಿಲ್ಲ.

ಫೋನು ನಿಂತಿದೆ. ನಾಲ್ಕನೆಯದನ್ನು ಇನ್ನೊಂದಿಷ್ಟು ತಣಿಯಲು ಬಿಡಬೇಕು, ಬಿಸಿಯಲ್ಲಿ ಎಲ್ಲ ಕಾಫಿಯೂ ಒಳ್ಳೆಯದಾಗಿಯೇ ಇರುತ್ತದೆ, ತಣಿದಾಗಲೇ ಒಳಗಿದ್ದದ್ದು ಮೇಲೆ ಬರುತ್ತದೆ, ಅಲ್ಲಿಯವರೆಗೆ ಚಮಚವನ್ನು ಬಿಸಿನೀರಿನ ಲೋಟದಲ್ಲಿ ಅದ್ದಿ ನಿಂತಿರುವುದು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿಯೂ ಹೀಗೇ ನಿಂತಿದ್ದೆ, ವಸ್ತಾರೆಯ ತೋಟದಲ್ಲಿ ನನ್ನ ಪಾಲು ಅಣ್ಣ ನಂದನ್‌ಗೆ ಬಿಟ್ಟುಕೊಟ್ಟ ದಿನ, ಬೆಲೆ ನ್ಯಾಯವಾಗಿಯೇ ಕೊಟ್ಟ, ಒಂದು ಪೈಸೆ ಕಡಿಮೆಯಿಲ್ಲ, ಸಹಿಯಾದ ಮೇಲೆ ಹೋಟೆಲಿಗೆ ಕರೆದುಕೊಂಡು ಹೋಗಿ, ಖಾರ ಬೇಡ ಈರುಳ್ಳಿ ಬೇಡ ಎಂದು ನನ್ನ ಪರವಾಗಿ ಅವನೇ ಹೇಳಿ ಊಟ ತರಿಸಿದ, ಕೈ ತೊಳೆಯುವಾಗ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಇನ್ನು ನಿಂಗೆ ಚಿಂತೆ ಇಲ್ಲ ಬಿಡು ಅಂದ. ಅದಕ್ಕಿಂತ ಮೊದಲು ಫೋನು ಮಾಡುತ್ತಿದ್ದ, ಮೆಣಸಿನ ಬಳ್ಳಿಗೆ ರೋಗ ಬಂತು, ಬೋರ್‌ವೆಲ್ ಮೋಟಾರು ಸುಟ್ಟಿತು, ನಿಂಗೂ ಪಾಲಿದೆಯಲ್ಲ ಒಂದು ಮಾತು ಕೇಳೋಣ ಅಂತ ಮಾಡ್ದೆ ಅನ್ನುತ್ತಿದ್ದ. ಈಗ ಕೇಳಬೇಕಾದ ಮಾತೇ ಇಲ್ಲ. ಪಾಲಿನ ದುಡ್ಡು ಬ್ಯಾಂಕಿನಲ್ಲಿ ಕೂತಿತು, ನಾನು ಕೋಟೆ ಬಡಾವಣೆಯ ಬಾಡಿಗೆ ಮನೆಯ ಮಹಡಿಯಲ್ಲಿ ಕೂತೆ, ಚಿಕ್ಕಮಗಳೂರಿನಲ್ಲಿ ಒಂದು ಪುಟ್ಟ ಮನೆ ತೆಗೆದುಕೊಳ್ಳಬೇಕು, ಹಿಂದೆ ಒಂದು ಕರಿಬೇವಿನ ಗಿಡ, ರಿಟೈರ್ ಆದ ಮಾರನೇ ದಿನ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಬೀದಿಗೆಲ್ಲ ಘಮ್ ಅನ್ನಿಸಬೇಕು, ಬೆಲೆ ವಿಚಾರಿಸಿದರೆ ನನ್ನ ಪಾಲಿಗೆ ಮನೆ ಅರ್ಧ ಮಾತ್ರ ಬರುತ್ತಿತ್ತು, ಬಾಗಿಲು ಕಿಟಕಿ ಇಲ್ಲದ ಅರ್ಧ. ಆಗಲೇ ಫೋನಿನಲ್ಲಿ ಹಾಕಿದ ದುಡ್ಡು ಬೆಳೆಸಿಕೊಡುತ್ತೇವೆ ಎನ್ನುವ ಜಾಹೀರಾತು, ಆಮೇಲೆ ಒಂದು ಗುಂಪು, ಗುಂಪಿನ ತುಂಬ ಸೂರ್ಯೋದಯದ ಚಿತ್ರಗಳು, ನನಗೆ ಇಷ್ಟು ಬಂತು ನನಗೆ ಅಷ್ಟು ಬಂತು ಎನ್ನುವ ಜನ, ಆಮೇಲೆ ಕವನಾ, ನಾನು ನಿಮ್ಮ ಅಡ್ವೈಸರ್ ಅಕ್ಕ, ಮೇಡಂ ಅನ್ನಲ್ಲ ಅಕ್ಕ ಅಂತೀನಿ ಆಗ್ಬಹುದಾ. ಆಗಬಹುದು ಅಂದಿದ್ದೆ. ಎಷ್ಟು ಬೇಗ ಅಂದಿದ್ದೆ.

ಕಣ್ಣು ಮುಚ್ಚಿಕೊಂಡೇನೂ ಹೋಗಲಿಲ್ಲ, ಹಾಗೆಂದು ಯಾರಾದರೂ ಅಂದರೆ ಒಪ್ಪುವುದಿಲ್ಲ, ಪರೀಕ್ಷೆ ಮಾಡಿಯೇ ಹೋದೆ, ಪರೀಕ್ಷೆ ಮಾಡುವುದೇ ನನ್ನ ಕಸುಬು, ಮೊದಲು ಸ್ವಲ್ಪ ಹಾಕಿದೆ, ಒಂದು ವಾರ ನೋಡಿದೆ, ಆ್ಯಪಿನಲ್ಲಿ ಅಂಕಿ ಹಸಿರು ಬಣ್ಣದಲ್ಲಿ ಮೇಲೆ ಹತ್ತಿತು, ಈಗ ವಾಪಸ್ ಬೇಕು ಅಂದೆ, ಅದಕ್ಕೇನಕ್ಕ ನಿಮ್ಮ ದುಡ್ಡು ಅಂದಳು, ಸಂಜೆಯೊಳಗೆ ಬಂತು, ಲಾಭವೂ ಸೇರಿ ಬಂತು, ನನ್ನ ಬ್ಯಾಂಕಿನ ಮೆಸೇಜೇ ಬಂತು, ಇನ್ನೇನು ಬೇಕು. ಆಮೇಲೆ ದೊಡ್ಡದು ಹಾಕಿದೆ, ಇನ್ನೊಂದು, ಮತ್ತೊಂದು, ಪಾಲಿನಲ್ಲಿ ಅರ್ಧ ಹೋಯಿತು, ಪ್ರತಿ ಸಲವೂ ಕಳಿಸಬೇಕಾದ ಖಾತೆ ಬೇರೆ, ಒಮ್ಮೆ ಯಾವುದೋ ಊರಿನ ಬಟ್ಟೆ ಅಂಗಡಿಯ ಹೆಸರು, ಒಮ್ಮೆ ಟ್ರಾವೆಲ್ಸಿನದು, ಒಮ್ಮೆ ಒಬ್ಬ ಹೆಂಗಸಿನ ಹೆಸರು ಮಾತ್ರ, ಇದೇನಮ್ಮ ಅಂದರೆ ಅದು ಕಂಪನಿಯ ಪಾರ್ಟ್ನರ್ಸ್ ಅಕ್ಕ ಅಂದಳು, ಆಗಲೂ ನಾಲಗೆಯ ಬದಿಯಲ್ಲಿ ಏನೋ ಒಂದು ಕಚ್ಚಿತ್ತು, ಔಷಧಿ ಅಂಗಡಿಯ ವಾಸನೆಯಂಥದ್ದು, ದಿನಕ್ಕೆ ಐವತ್ತು ಅರವತ್ತು ಸಲ ಬಾಯಿಗೆ ಬಂದದ್ದನ್ನೆಲ್ಲ ಉಗಿಯುವವಳು ಅದೊಂದನ್ನು ನುಂಗಿದೆ. ನುಂಗದೆ ಇದ್ದಿದ್ದರೆ ಮಾರನೇ ದಿನ ಏಳಕ್ಕೆ ಫೋನು ಬರುತ್ತಿರಲಿಲ್ಲವಲ್ಲ. ಅದು ನನಗೆ ಗೊತ್ತಿತ್ತೇ, ಗೊತ್ತಿತ್ತು ಅನ್ನಿಸುತ್ತದೆ, ಇರಲಿ, ನಾಲ್ಕನೆಯದು ತಣಿದಿದೆ, ಸುರ್ರ್, ಕಿತ್ತಳೆ, ಬೆಲ್ಲ, ಕೊನೆಯಲ್ಲಿ ಒಂದು ಎಳೆ ಏಲಕ್ಕಿ, ಚೆನ್ನಾಗಿದೆ, ಬಹಳ ಚೆನ್ನಾಗಿದೆ, ಓಂಕಾರಪ್ಪನವರೇ ನಿಮ್ಮ ಅದೃಷ್ಟ, ಉಗಿದೆ.

ಬಾಗಿಲು ಸ್ವಲ್ಪವೇ ತೆರೆದು ಟೊಪ್ಪಿ ಒಳಗೆ ಬಂತು, ಆಯ್ತಾ ಮೇಡಂ, ಇನ್ನೂ ಒಂದಿದೆ ಓಂಕಾರಪ್ನೋರೆ, ಅಲ್ಲ ಎಲ್ಲಾ ಒಂದೇ ಕಣದಲ್ಲಿ ಒಣಗ್ಸಿದ್ದು, ಐದನೇದು ಬೇರೆ ಏನು ಹೇಳುತ್ತೆ ಮಾರಾಯ್ರೆ, ಹೇಳುತ್ತೋ ಇಲ್ವೋ ಕೇಳಬೇಕಲ್ಲ, ಎಂದೆ, ನಿಮ್ಮ ನಾಲಗೆಗೆ ನಮ್ಮ ಮೇಸ್ತ್ರಿ ಹೆದರ್ತಾನೆ ಮೇಡಂ, ಹೆಂಡ್ತಿಗೂ ಅಷ್ಟು ಹೆದರಲ್ಲ, ಎಂದು ನಕ್ಕು ಬಾಗಿಲು ಹಾಕಿಕೊಂಡರು. ಹೋದ ತಿಂಗಳು ಸ್ಯಾಂಪಲ್ ಎಂದು ಒಂದು ಪೊಟ್ಟಣ ತಂದಿದ್ದರು, ಕನ್ನಡಿಯಂಥ ಬೀಜ, ಒಂದೂ ಒಡೆದಿಲ್ಲ, ಮನೆಯವರೆಲ್ಲ ಮೊರದ ಮುಂದೆ ಕೂತು ಆರಿಸಿದ್ದು ನೋಡಿದರೇ ಗೊತ್ತಾಗುತ್ತಿತ್ತು, ಮುಟ್ಟಲೇ ಇಲ್ಲ ನಾನು, ಇದು ಬೇಡ, ಚೀಲ ಬರಲಿ, ಚೀಲಕ್ಕೆ ನಾನೇ ಚುಚ್ಚಿ ತೆಗೀತೀನಿ ಅಂದೆ, ಇಲ್ಲಿಯ ಪದ್ಧತಿ ಅದು, ಕಬ್ಬಿಣದ ಕೊಳವೆಯನ್ನು ಚೀಲದ ನಡುವಿಗೆ ಚುಚ್ಚಿದರೆ ಅಲ್ಲಿ ಏನಿದೆಯೋ ಅದು ಅಂಗೈಗೆ ಸುರಿಯುತ್ತದೆ, ಬೆಳೆಗಾರ ತನ್ನ ಕೈಯಾರೆ ತಂದುಕೊಟ್ಟದ್ದು ಎಷ್ಟೇ ಚೆನ್ನಾಗಿರಲಿ ಲೆಕ್ಕಕ್ಕಿಲ್ಲ, ಕೊಟ್ಟವನು ಕೆಟ್ಟವನೆಂದಲ್ಲ, ಯಾರೇ ಆದರೂ ಆರಿಸಿಯೇ ಕೊಡುತ್ತಾರೆ.

ಆರಿಸಿಯೇ ಕೊಡುತ್ತಾರೆ.

ಚಮಚ ಬಿಸಿನೀರಿನಲ್ಲಿ ನಿಂತಿದೆ, ನಾನೂ ನಿಂತಿದ್ದೇನೆ. ಆ ಸಂಜೆ ಬಂದ ದುಡ್ಡು, ಲಾಭ ಸೇರಿ ಬಂದ ದುಡ್ಡು, ಅದನ್ನು ಚೀಲಕ್ಕೆ ಚುಚ್ಚಿ ತೆಗೆದದ್ದು ನಾನಲ್ಲ, ಅವರೇ ಮೊರದಲ್ಲಿ ಆರಿಸಿ ಪೊಟ್ಟಣ ಕಟ್ಟಿ ಕಳಿಸಿದ್ದು, ಇಪ್ಪತ್ತು ವರ್ಷದಿಂದ ಊರವರ ಪೊಟ್ಟಣ ಮುಟ್ಟದವಳು ಅದನ್ನು ಬಾಚಿ ತೆಗೆದುಕೊಂಡು ಇಡೀ ರಾಶಿಗೆ ಸಹಿ ಹಾಕಿದೆ, ಒಂದೇ ಬಟ್ಟಲು, ಅದೂ ಬಿಸಿಬಿಸಿಯಲ್ಲಿ. ಅವರ ಚೀಲಕ್ಕೆ ಕೊಳವೆ ಚುಚ್ಚಿದ್ದು ಮೊನ್ನೆ ಮಾತ್ರ, ಒಂದು ಮನೆ ನೋಡಿದ್ದೀನಿ ಕವನಾ, ಕರಿಬೇವಿನ ಗಿಡ ಆಗಲೇ ಇದೆ, ಮುಂಗಡ ಕೊಡಬೇಕು, ಹಾಕಿದ್ದರಲ್ಲಿ ಅರ್ಧ ತೆಗೆದುಕೊಡು ಅಂದೆ, ಅರ್ಧ ಬರಲ್ಲ ಅಕ್ಕ ತೆಗೆದ್ರೆ ಪೂರ್ತಿ ತೆಗೀಬೇಕು ಅಂದಳು, ಸರಿ ಪೂರ್ತಿ ತೆಗಿ ಅಂದೆ, ಪೂರ್ತಿ ತೆಗೆಯೋಕೆ ಮೊದಲು ಟ್ಯಾಕ್ಸ್ ಕಟ್ಟಬೇಕು ಅಕ್ಕ, ಶುಕ್ರವಾರ ಮಧ್ಯಾಹ್ನ ಒಂದರೊಳಗೆ, ಇಲ್ಲಾಂದ್ರೆ ಅಕೌಂಟ್ ಲಾಕ್ ಆಗುತ್ತೆ ಅಂದಳು, ಎಷ್ಟು ಅಂದೆ, ಅವಳು ಹೇಳಿದ್ದು ಬ್ಯಾಂಕಿನಲ್ಲಿ ಉಳಿದಿರುವುದಕ್ಕೆ ಹೆಚ್ಚುಕಡಿಮೆ ಸಮ, ಉಳಿದಿರುವುದು ಎಷ್ಟೆಂದು ಯಾವುದೋ ಬೆಳಗ್ಗೆ ರೊಟ್ಟಿಯ ಮಾತಿನ ನಡುವೆ ನಾನೇ ಹೇಳಿದ್ದೆ. ಎರಡು ರಾತ್ರಿ ನಿದ್ದೆಯಿಲ್ಲ, ಕಟ್ಟಿದರೆ ಎಲ್ಲವೂ ಬರುತ್ತದೆ, ಕಟ್ಟದಿದ್ದರೆ ಹಾಕಿದ ಅರ್ಧವೂ ಹೋಗುತ್ತದೆ, ಇಷ್ಟು ದೂರ ಬಂದು ಬಿಡುವುದೇ, ಟ್ಯಾಕ್ಸ್ ಅಂದ ಮೇಲೆ ಸರ್ಕಾರದ್ದಲ್ಲವೇ, ನಂದನ್‌ನನ್ನು ಕೇಳಲೇ, ಹೆಸರಿನವರೆಗೂ ಬೆರಳು ಹೋಗಿ ಬಂತು, ಏನೆಂದು ಕೇಳುವುದು, ಈಗ ಕೇಳಲು ನಮ್ಮಿಬ್ಬರ ನಡುವೆ ಪಾಲಿನ ಮಾತೂ ಇಲ್ಲ. ಇಲ್ಲಿಗೆ ಬರುವ ಬೆಳೆಗಾರರನ್ನು ನೋಡುತ್ತಲೇ ಇದ್ದೇನಲ್ಲ, ಕ್ಯೂರಿಂಗ್ ಖರ್ಚು, ಲಾರಿ ಬಾಡಿಗೆ, ಹಮಾಲಿ, ಕಮಿಷನ್, ಏನಿದ್ದರೂ ಮಾರಿ ಬಂದ ದುಡ್ಡಿನಲ್ಲೇ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ, ನಿಮ್ಮ ಕಾಫಿ ದುಡ್ಡು ಕೊಡಬೇಕಾದರೆ ಮೊದಲು ನೀವು ದುಡ್ಡು ತನ್ನಿ ಎಂದು ಓಂಕಾರಪ್ಪನವರಿಗೆ ಯಾರಾದರೂ ಅಂದರೆ ಅವರು ಟೊಪ್ಪಿ ತೆಗೆದು ಒಂದು ಸಲ ತಲೆ ಕೆರೆದು ಜೀಪು ಹತ್ತಿಬಿಡುತ್ತಾರೆ.

ಐದನೆಯದು. ಚಮಚ ಇಳಿಸಿದೆ, ಕಿಟಕಿ ಒಡೆಯಿತು, ಸರಳುಗಳು ಹಾವಿನಂತೆ ಹರಿದು ಅಂಚಿಗೆ ಹೋಗಿ ಮತ್ತೆ ಕೂಡಿಕೊಂಡವು, ಸುರ್ರ್, ಮೊದಲು ಕಿತ್ತಳೆ, ಹೌದು ಕಿತ್ತಳೆಯೇ, ಬೆಲ್ಲವೂ ಬಂತು, ಸರಿ ಅನ್ನುವಷ್ಟರಲ್ಲಿ ನಾಲಗೆಯ ಬದಿಯಿಂದ ಅದು ಎದ್ದಿತು, ಒದ್ದೆ ಗೋಣಿ, ಗೋಣಿಯ ಅಡಿಯಲ್ಲಿ ಕೊಳೆತ ಹಣ್ಣು, ಔಷಧಿ ಅಂಗಡಿ, ಉಗಿದೆ, ಬಾಯಿ ತೊಳೆದೆ, ಬಿಸಿನೀರು ಕುಡಿದೆ, ಮತ್ತೆ ಚಮಚ, ಮತ್ತೆ ಅದೇ, ಅನುಮಾನವೇ ಇಲ್ಲ. ಪಕ್ಕದಲ್ಲಿ ನಿಂತು ಅಂಕ ಬರೆದುಕೊಳ್ಳುತ್ತಿದ್ದ ರಕ್ಷಾ ನನ್ನ ಮುಖ ನೋಡಿ ಪೆನ್ನು ಕೆಳಗಿಟ್ಟಳು. ಬಾಗಿಲು ತೆರೆದು ಓಂಕಾರಪ್ಪನವರ ಪಕ್ಕ ಬೆಂಚಿನ ಮೇಲೇ ಕೂತೆ, ಹೀಗೆ ಯಾವತ್ತೂ ಕೂತವಳಲ್ಲ, ಅವರು ಸ್ವಲ್ಪ ಸರಿದು ಜಾಗ ಬಿಟ್ಟರು, ಐದನೇದರಲ್ಲಿ ಕೊಳೆತದ್ದಿದೆ ಎಂದೆ. ಅವರು ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಉಳಿದ ನಾಲ್ಕು, ಅಂದರು. ನಾಲ್ಕೂ ಬಹಳ ಚೆನ್ನಾಗಿದೆ. ಹಾಗಾದ್ರೆ ನಾಲ್ಕನ್ನೇ ಬರೀರಲ್ಲ ಮೇಡಂ, ಅಂದರು, ಆಮೇಲೆ ತಾವೇ ತಲೆಯಾಡಿಸಿ, ಇಲ್ಲ ಇಲ್ಲ ಸುಮ್ನೆ ಅಂದೆ, ನೆಲಕ್ಕೆ ಉದುರಿದ ಹಣ್ಣು ಎರಡು ಬುಟ್ಟಿ ಸೇರಿರ್ಬೇಕು, ಕೊನೇ ದಿನ ಆಳು ಸಿಕ್ಕಿರಲಿಲ್ಲ ಅವಸರದಲ್ಲಿ ಸುರಿದದ್ದು, ಬೇರೆ ಯಾರ್ದೂ ತಪ್ಪಲ್ಲ, ಚೀಲ ಬಿಚ್ಚಿ ಬೇರೆ ಮಾಡಿ ತರ್ತೀನಿ, ಆಗ ಇನ್ನೊಂದು ಸಲ ನೋಡ್ತೀರಾ. ನೋಡ್ತೀನಿ, ಎಂದೆ. ಹೋಗುವಾಗ ಎದ್ದು ನಿಂತು, ಊಟಕ್ಕೆ ಹೊತ್ತಾಯ್ತಲ್ಲ ಹೋಗಿ ಮೇಡಂ ಎಂದರು, ಉತ್ತರಕ್ಕೆ ಕಾಯಲಿಲ್ಲ, ಜೀಪಿನ ಕಡೆ ನಡೆಯುತ್ತಾ ಆಕಾಶ ನೋಡಿದರು, ಅವರಿಗೆ ಬಿಚ್ಚಲು ಚೀಲವಿದೆ, ಬೇರೆ ಮಾಡಲು ಒಂದು ರಾಶಿಯಿದೆ, ಕೂತು ಆರಿಸಲು ಮನೆ ತುಂಬ ಜನರಿದ್ದಾರೆ.

ಮತ್ತೆ ಒಳಗೆ ಬಂದೆ, ರಕ್ಷಾ ಊಟದ ಡಬ್ಬಿ ಹಿಡಿದು ಹೋಗಿದ್ದಾಳೆ, ಮೇಜಿನ ಮೇಲೆ ಐದು ಬಟ್ಟಲು, ಫೋನು ಗುರ್ ಎಂದಿತು, ಎತ್ತಿದೆ. ಅಕ್ಕಾ, ಎಷ್ಟು ಸಲ ಮಾಡ್ದೆ, ಗಾಬರಿ ಆಯ್ತು ಗೊತ್ತಾ, ಹುಷಾರಿದ್ದೀರಲ್ಲ, ಎನ್ನುತ್ತಾಳೆ, ಅದೇ ದನಿ, ಒಂದು ಕ್ಷಣ ಎಲ್ಲ ಮರೆತು ಇದ್ದೀನಮ್ಮ ಅಂದುಬಿಟ್ಟೆ, ಹಾಗಾದ್ರೆ ಬ್ಯಾಂಕಿಗೆ ಹೊರಟ್ರಾ, ಇಲ್ಲ, ಯಾಕಕ್ಕ ಇನ್ನು ಅರ್ಧ ಗಂಟೆ ಇರೋದು, ಟ್ಯಾಕ್ಸನ್ನ ನನ್ನ ದುಡ್ಡಿನಲ್ಲೇ ಹಿಡ್ಕೊಂಡು ಉಳಿದದ್ದು ಕಳಿಸು ಕವನಾ, ಹಾಗೆ ಬರಲ್ಲ ಅಕ್ಕ ರೂಲ್ಸ್ ಇಲ್ಲ, ಹಾಗಾದ್ರೆ ನಾನು ಕಟ್ಟಲ್ಲ. ಆ ಕಡೆ ಫ್ಯಾನಿನ ಸದ್ದು, ಸದ್ದಿನೊಳಗೆ ಇನ್ನೊಬ್ಬಳ ದನಿ, ತಮಿಳಿನಲ್ಲಿ ಯಾರನ್ನೋ ಊಟವಾಯಿತೇ ಎಂದು ಕೇಳುತ್ತಿದ್ದಾಳೆ, ಅದರಾಚೆ ಮತ್ತೊಬ್ಬಳು, ಯಾವ ಭಾಷೆಯೋ ತಿಳಿಯದು, ಆದರೆ ಕೊನೆಯಲ್ಲಿ ಅದೇ ಉದ್ದದ ಎಳೆತ, ಎಷ್ಟೋ ಊರಿನ ಎಷ್ಟೋ ಒಂಟಿ ರೊಟ್ಟಿಗಳಿಗೆ ಒಂದೇ ಕೋಣೆಯಿಂದ ಹೋಗುವ ಪ್ರಶ್ನೆ, ಮೊದಲೂ ಕೇಳಿಸುತ್ತಿತ್ತು, ಆಫೀಸಿನ ಗಲಾಟೆ ಅಂದುಕೊಂಡಿದ್ದೆ. ಅಕ್ಕ ಒಂದು ಮಾತು, ಕವನಾ ದನಿ ತಗ್ಗಿಸಿದ್ದಾಳೆ, ಅರ್ಧ ನಾನು ಕಟ್ತೀನಿ, ನನ್ನ ಸಂಬಳದಲ್ಲಿ, ಸರ್‌ಗೆ ಗೊತ್ತಾಗೋದು ಬೇಡ, ನಿಮ್ಮನ್ನ ಸ್ವಂತ ಅಕ್ಕ ಅಂದ್ಕೊಂಡಿದ್ದೀನಿ, ನೀವು ಇನ್ನರ್ಧ ಕಟ್ಟಿ ಸಾಕು. ನನಗಾಗಿ ಯಾರೂ ಯಾವತ್ತೂ ತಮ್ಮ ಸಂಬಳದಿಂದ ಕೊಡುತ್ತೇನೆ ಅಂದವರಿಲ್ಲ, ಸುಳ್ಳಿಗೂ ಅಂದವರಿಲ್ಲ, ಗಂಟಲಿನವರೆಗೆ ಬಂತು ಆಗಲಿ ಎನ್ನುವ ಮಾತು, ಬಾಯಲ್ಲಿ ಇನ್ನೂ ಒದ್ದೆ ಗೋಣಿ ಇದೆ, ಎಷ್ಟು ತೊಳೆದರೂ ಹೋಗಿಲ್ಲ, ಬೇಡ ಅಂದೆ. ಅಕ್ಕ ಹಾಕಿದ್ದೆಲ್ಲ ಹೋಗುತ್ತೆ. ಹೋಗ್ಲಿ, ಅದು ಆಗಲೇ ಹೋಗಿದೆ, ಊಟ ಮಾಡ್ಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ.

ಫೋನು ಇಡುತ್ತಾಳೆ ಅಂದುಕೊಂಡೆ, ಬೈಯುತ್ತಾಳೆ ಅಂದುಕೊಂಡೆ, ಇಡಲಿಲ್ಲ, ಫ್ಯಾನು ತಿರುಗುತ್ತಿತ್ತು, ತಮಿಳಿನವಳು ನಗುತ್ತಿದ್ದಳು, ಆಮೇಲೆ ಬೇರೆಯೇ ದನಿಯಲ್ಲಿ, ಸಣ್ಣದಾಗಿ, ಎಳೆತವಿಲ್ಲದೆ, ಇಷ್ಟು ದಿನ ಕೇಳಿರದ ದನಿಯಲ್ಲಿ ಕವನಾ ಎನ್ನುವವಳು — ಹೆಸರು ಏನೇ ಇರಲಿ — ದುಡ್ಡಿನ ಮಾತು ಬಿಡಿ ಅಕ್ಕ, ಬೆಳಗ್ಗೆ ಏಳಕ್ಕೆ ಸುಮ್ನೆ ಮಾಡ್ಲಾ ಫೋನು, ಸುಮ್ನೆ, ಮಾತಾಡೋಕೆ, ಎಂದಳು. ನಾಳೆ ಏಳು ಗಂಟೆ ಕಣ್ಣ ಮುಂದೆ ಬಂತು, ಕಾವಲಿಯ ಮೇಲಿನ ರೊಟ್ಟಿ, ಸ್ಲ್ಯಾಬಿನ ಮೇಲೆ ಮುಖ ಮೇಲಾಗಿಟ್ಟ ಫೋನು, ನಾಡಿದ್ದಿನ ಏಳು ಗಂಟೆ, ಅದರಾಚೆಯವೂ, ಸಾಲಾಗಿ, ಮಾತಿಲ್ಲದೆ. ಇದರಲ್ಲಿ ಕಟ್ಟಬೇಕಾದ್ದು ಏನೂ ಇಲ್ಲ, ಬಿಟ್ಟಿ, ಬಿಸಿಬಿಸಿ, ಆರಿಸಿ ಕೊಟ್ಟದ್ದು, ಮೊದಲು ಕಿತ್ತಳೆ ಆಮೇಲೆ ಬೆಲ್ಲ, ಅಥವಾ ಇದೊಂದು ನಿಜವೋ, ಇದ್ದರೂ ಇರಬಹುದು, ನಾಲ್ಕು ಬಟ್ಟಲು ನಿಜವೇ ಆಗಿತ್ತಲ್ಲ, ಚಮಚ ಕೈಯಲ್ಲೇ ಇದೆ, ಐದನೆಯ ಬಟ್ಟಲು ಪೂರ್ತಿ ತಣಿದಿದೆ, ಬೇಡ, ಎಂದೆ, ಐದನೆಯ ಬಟ್ಟಲಿನ ಮೇಲೆ ಕಿಟಕಿ, ಸರಳುಗಳು, ಸರಳಿನಾಚೆ ಗಿರಿಸಾಲು, ಅಲ್ಲಾಡದೆ.